ಬಿಡಾರದ ಇಪ್ಪತ್ತು ಮಾತುಗಳು

ಆಗಸ್ಟ್ 5, ಸೋಮವಾರ

ಮಾತು ಕಲಿಸುವ ಡಾಕ್ಟರಮ್ಮ ಇವತ್ತು ಇವರ ಮುಂದೆ ಪೆನ್ನು, ಚಮಚ, ಬಾಚಣಿಗೆ ಸಾಲಾಗಿಟ್ಟು ಚಮಚ ತೋರಿಸಿ ಅಂದರು. ಇವರು ಮೂರನ್ನೂ ನೋಡಿದರು, ಕಿಟಕಿ ನೋಡಿದರು, ಆಮೇಲೆ ‘ಹಾಗಲ್ಲ’ ಅಂದರು. ಇವರು ನಿಮ್ಮ ಹೆಂಡತಿಯಾ? ಹಾಗಲ್ಲ. ನೀವು ಲಿಫ್ಟ್ ರಿಪೇರಿ ಮಾಡುತ್ತಿದ್ದಿರಾ? ಹಾಗಲ್ಲ. ತಲೆಯೊಳಗೆ ರಕ್ತನಾಳ ಒಡೆದು ಬಿದ್ದ ಮೇಲೆ ಬಾಯಲ್ಲಿ ಉಳಿದಿರುವುದು ಅದೊಂದೇ ಮಾತು. ಮದುವೆಯಾದಾಗಿನಿಂದ ನಾನು ಏನೇ ಹೇಳಲಿ, ‘ಹಾಗಲ್ಲ’ ಅಂತಲೇ ಶುರು ಮಾಡುತ್ತಿದ್ದ ಮನುಷ್ಯ. ಅಷ್ಟೊಂದು ಮಾತೆಲ್ಲ ಹೋಗಿ ಇದೇ ಉಳಿಯಬೇಕಿತ್ತೇ? ನಗು ಬಂತು. ಹೊರಗೆ ಹೋಗಿ ಅತ್ತು ಬಂದೆ.

ಅಕ್ಟೋಬರ್ ಮೊದಲ ವಾರ ದೊಡ್ಡ ಡಾಕ್ಟರು ಪರೀಕ್ಷೆ ಮಾಡುತ್ತಾರಂತೆ. ನಾವು ಆಡುವುದು ಇವರಿಗೆ ಅರ್ಥವಾಗುತ್ತಿದೆ ಎಂಬುದಕ್ಕೆ ಒಂದಾದರೂ ಗುರುತು ಸಿಗಬೇಕು. ಸಿಗದಿದ್ದರೆ ಚಿಕಿತ್ಸೆ ನಿಲ್ಲಿಸಿ ಆಸ್ಪತ್ರೆಯ ಹಿಂದಿರುವ ಕಟ್ಟಡಕ್ಕೆ ಕಳಿಸುತ್ತಾರೆ. ಆ ಕಟ್ಟಡವನ್ನೂ ನೋಡಿಕೊಂಡು ಬಂದೆ. ಅಲ್ಲಿ ಸ್ನಾನ ಮಾಡಿಸುತ್ತಾರೆ, ಉಣಿಸುತ್ತಾರೆ, ಮಗ್ಗುಲು ತಿರುಗಿಸುತ್ತಾರೆ. ಯಾರೂ ಯಾರನ್ನೂ ಮಾತಾಡಿಸುವುದಿಲ್ಲ. ಗೋಡೆ ಮಾತ್ರ ಚೊಕ್ಕಟವಾಗಿದೆ.

ನೀವೂ ಯಾರ ಹತ್ತಿರವಾದರೂ ಮನಸ್ಸು ಬಿಚ್ಚಿ ಮಾತಾಡಬೇಕು ಎಂದರು ಡಾಕ್ಟರಮ್ಮ. ನಾನು ಮಾತಾಡುತ್ತಿದ್ದುದು ಇವರ ಹತ್ತಿರವೇ, ಅದೂ ಜಗಳ. ಅದಕ್ಕೇ ಇದನ್ನು ಬರೆಯಲು ಕೂತಿದ್ದೇನೆ.

ಆಗಸ್ಟ್ 9

ದರ್ಜಿ ಬಂದಿದ್ದ. ಇವರ ಆಟದ ಗುಂಪಿನವನು. ಶನಿವಾರ ಬಂತೆಂದರೆ ನಮ್ಮ ಊಟದ ಮೇಜನ್ನು ಆಕ್ರಮಿಸುತ್ತಿದ್ದ ನಾಲ್ವರಲ್ಲಿ ಒಬ್ಬ. ಅಂಗಡಿಯಲ್ಲಿ ಪ್ಯಾಂಟು ಗಿಡ್ಡ ಮಾಡಿಕೊಡುವ ಈತ ಆಟದಲ್ಲಿ ಮಹಾ ಮಾಂತ್ರಿಕ. ಕಥೆ ನಡೆಸುವವರು ಇವರು: ಇಲ್ಲೊಂದು ಗುಹೆ, ಅಲ್ಲೊಬ್ಬ ರಾಕ್ಷಸ, ಏನು ಮಾಡುತ್ತೀರಿ ಎಂದು ಇವರು ಕೇಳುವುದು, ಅವರು ಹೇಳುವುದು, ದಾಳ ಎಸೆಯುವುದು. ನಡುವಯಸ್ಸಿನ ಗಂಡಸರು ಇಲ್ಲದ ಡ್ರ್ಯಾಗನ್ನಿಗೆ ಹೆದರಿ ಕೂಗಾಡುವುದನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು.

ಇವರ ಪುಸ್ತಕಗಳನ್ನು ಇವರಿಗೇ ಓದಿ ಹೇಳಿ ಅಂದ ದರ್ಜಿ. ಯಾವುದು, ಆ ದಪ್ಪ ರಟ್ಟಿನದೇ ಎಂದು ಕೇಳಿದೆ. ಅದಲ್ಲವಂತೆ. ಅದು ಆಟ ಮಾಡಿದ ಕಂಪನಿಯದು. ಇವರ ಜೀವ ಇದ್ದದ್ದು ಬೇರೆಯವರು ಬರೆದ ಪುರವಣಿಗಳಲ್ಲಿ. ಆಟವನ್ನು ಇಷ್ಟಪಟ್ಟ ಯಾರ‍್ಯಾರೋ ತಮ್ಮ ಪಾಡಿಗೆ ಬರೆದು ಅಚ್ಚು ಹಾಕಿಸಿದ ತೆಳು ಪುಸ್ತಕಗಳು.

"ಕಂಪನಿ ಪುಸ್ತಕದಲ್ಲಿ ರಾಕ್ಷಸನಿಗೆ ಎಷ್ಟು ಬಲ ಅಂತ ಇರುತ್ತೆ ಅತ್ತಿಗೆ. ಇವುಗಳಲ್ಲಿ ರಾಕ್ಷಸ ಯಾಕೆ ಸಿಟ್ಟಾಗಿದ್ದಾನೆ ಅಂತ ಇರುತ್ತೆ. ಅಣ್ಣನಿಗೆ ಅವೆಲ್ಲ ಬಾಯಿಪಾಠ."

ಹೋಗುವಾಗ ಇವರ ಭುಜ ಮುಟ್ಟಿದ. ಇವರು ‘ಹಾಗಲ್ಲ’ ಅಂದರು. ಮಹಾ ಮಾಂತ್ರಿಕ ಮೆಟ್ಟಿಲ ಮೇಲೆ ಕೂತು ಮೂಗು ಒರೆಸಿಕೊಂಡ.

ಆಗಸ್ಟ್ 11, ಭಾನುವಾರ

ಕಪಾಟು ತೆಗೆದೆ. ಬರೀ ಹವಾಮಾನದ ಮೇಲೊಂದು ಪುಸ್ತಕ: ಮಂಜು ಬಿದ್ದರೆ ಬಿಲ್ಲಿನ ದಾರ ಏನಾಗುತ್ತದೆ, ಇತ್ಯಾದಿ. ಮಾಟಗಾತಿಯರ ತೋಟಗಳ ಮೇಲೊಂದು. ಸೇತುವೆ ಕಾಯುವ ದೈತ್ಯರಿಗೆ ಏನು ಲಂಚ ಕೊಡಬಹುದು ಎಂಬುದರ ಮೇಲೇ ಒಂದಿಡೀ ಪುಸ್ತಕ. ಇದನ್ನು ಬರೆದವರಿಗೂ ಹೆಂಡತಿಯರಿದ್ದಾರೆಯೇ?

ಚೀಲಕ್ಕೆ ಭಾರವಾಗದ್ದು ಇರಲಿ ಎಂದು ತೀರ ತೆಳುವಾದದ್ದನ್ನು ಆರಿಸಿದೆ. ಹೆಸರು ‘ದಾರಿಯಲ್ಲೊಂದು ಬಿಡಾರ’. ಬರೆದಾಕೆ ಅಂಚೆ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತಳಾದವಳು ಎಂದು ಹಿಂದಿನ ಹಾಳೆಯಲ್ಲಿದೆ. ಕಾದಾಟವೇ ಇಲ್ಲ. ಸಾಹಸಿಗಳು ಸುಸ್ತಾಗಿ ಬೆಂಕಿ ಹಾಕಿಕೊಂಡು ಕೂತಾಗ ಏನೇನಾಗಬಹುದು, ಅಷ್ಟೇ. ಪುಟಕ್ಕೊಂದು ಪಟ್ಟಿ, ಪಟ್ಟಿಗೆ ಇಪ್ಪತ್ತು ಸಾಲು. ಇಪ್ಪತ್ತು ಮುಖದ ದಾಳ ಎಸೆಯಬೇಕು, ಬಿದ್ದ ಅಂಕೆಯ ಸಾಲು ಓದಬೇಕು. ‘ಜೊತೆಗಾರ ಏನು ಹೇಳುತ್ತಾನೆ’ ಎಂಬ ಪುಟ ತೀರ ಸವೆದಿದೆ, ಮೂಲೆಯಲ್ಲಿ ಲಿಫ್ಟಿನ ಗ್ರೀಸ್ ಅಂಟಿದೆ.

ಜೋರಾಗಿ ಓದಿದೆ. ಪಕ್ಕದ ಹಾಸಿಗೆಯವರು ನನ್ನನ್ನೂ ಒಳಗೆ ಸೇರಿಸಿಕೊಳ್ಳಬೇಕು ಎಂದುಕೊಂಡಿರಬಹುದು. ಇವರು ಕಣ್ಣು ಮುಚ್ಚಿದ್ದರು, ನಿದ್ದೆಯೋ ಏನೋ.

ಆಗಸ್ಟ್ 16

ದಾಳವನ್ನೂ ಒಯ್ದೆ. ಎಡಗೈ ಮಾತ್ರ ಆಡುತ್ತದೆ. ಬೆರಳಲ್ಲಿ ಹೊರಳಿಸಿ, ಹೊರಳಿಸಿ, ಎಸೆಯುವ ಬಲವಿಲ್ಲದೆ ಊಟದ ಹಲಗೆಯ ಮೇಲೆ ಹಾಗೇ ಇಟ್ಟುಬಿಡುತ್ತಾರೆ. ಅಷ್ಟಾದರೂ ಕೈಗೆ ಕಸರತ್ತು ಎಂದು ಸಿಸ್ಟರ್ ಅಂದರು. ನಾಲ್ಕು ಬಂತು. ಓದಿದೆ: ‘ಬೂಟಿನಲ್ಲಿ ಕಲ್ಲು ಸೇರಿದೆ, ತೆಗೆದುಬಿಡಿ.’ ಇನ್ನೊಮ್ಮೆ ಇಟ್ಟರು. ಮತ್ತೆ ನಾಲ್ಕು. ಮತ್ತೆ ಓದಿದೆ. ಮೂರನೆಯ ಸಲವೂ ಅದೇ. ದಾಳ ಹಳೆಯದು, ಒಂದು ಕಡೆ ಸವೆದಿರಬೇಕು. ಬೇಜಾರಾಗಿ ಪುಸ್ತಕ ಮುಚ್ಚಿದೆ. ಇವರು ‘ಹಾಗಲ್ಲ, ಹಾಗಲ್ಲ’ ಎನ್ನುತ್ತಲೇ ಇದ್ದರು. ನನಗೆ ಕೊನೆಯ ಬಸ್ಸಿನ ಚಿಂತೆ.

ಆಗಸ್ಟ್ 17

ಇವರ ಬಲಗಾಲಿಗೆ ಆಧಾರಕ್ಕೆಂದು ಕಟ್ಟುವ ಪಟ್ಟಿ ಒತ್ತಿ ಹಿಮ್ಮಡಿಯಲ್ಲಿ ಗುಳ್ಳೆಯೆದ್ದಿದೆ. ನಿನ್ನೆಯಿಂದ ನೋವಿರಬೇಕು ಎಂದರು ಸಿಸ್ಟರ್. ಪಾಪ, ಹೇಳಲಾರದ ಬಾಯಿ.

ಆಗಸ್ಟ್ 25, ಭಾನುವಾರ

ಭಾವ ಬಂದಿದ್ದರು. ಇವರ ಅಣ್ಣ. ಹೆಂಡತಿ ತೀರಿಹೋದ ಮೇಲೆ ಒಬ್ಬರೇ ಇದ್ದಾರೆ, ತಾವೇ ಅಡುಗೆ ಕಲಿತಿದ್ದಾರೆ, ಸಿಕ್ಕಸಿಕ್ಕವರಿಗೆಲ್ಲ ಡಬ್ಬಿ ತುಂಬಿ ಕೊಡುತ್ತಾರೆ. ಒಳ್ಳೆಯ ಮನುಷ್ಯ, ಕೈರುಚಿ ಮಾತ್ರ ದೇವರಿಗೇ ಪ್ರೀತಿ. ಇವರಿಗೂ ಬೇಳೆ ಹಾಕಿದ ಗಂಜಿಯಂಥದ್ದೊಂದನ್ನು ಉಣಿಸಿದರು. ಹೊರಗೆ ಕರೆದು, ಹಿಂದಿನ ಕಟ್ಟಡಕ್ಕೆ ಈಗಲೇ ಹೆಸರು ಬರೆಸಿಡು, ನೀನೂ ಬದುಕಬೇಕಲ್ಲಮ್ಮಾ ಎಂದರು. ಬಾಗಿಲು ತೆರೆದೇ ಇತ್ತು. ಇವರೆದುರು ಆಡಿದರೂ ಒಂದೇ, ಗೋಡೆಯೆದುರು ಆಡಿದರೂ ಒಂದೇ ಎನ್ನುವುದು ಈಗ ಎಲ್ಲರಿಗೂ ರೂಢಿಯಾಗಿದೆ, ನನಗೂ.

ಅವರು ಹೋದ ಮೇಲೆ ದಾಳ ಕೊಟ್ಟೆ. ಹದಿನಾಲ್ಕು: ‘ಆ ಸಿಹಿಮಾತಿನವನನ್ನು ಬಿಡಾರದೊಳಕ್ಕೆ ಬಿಡಬೇಡ.’ ನಗು ತಡೆಯಲಾಗಲಿಲ್ಲ. ದಾಳಕ್ಕೂ ಭಾವನ ಅಡುಗೆ ಸೇರಲಿಲ್ಲವೇನೋ. ಸರಿ ದೊರೆಗಳೇ, ಬಾಗಿಲಿಗೆ ಕಾವಲು ಹಾಕುತ್ತೇನೆ, ನನ್ನ ಹತ್ತಿರ ಕತ್ತಿಯಿಲ್ಲ, ಛತ್ರಿಯಿದೆ ಎಂದೆ. ಇವರ ಬಾಯಿಯ ಎಡತುದಿ ಸ್ವಲ್ಪ ಮೇಲಕ್ಕೆ ಹೋಯಿತು. ಸೆಳೆತ ಇರಬೇಕು.

ಸೆಪ್ಟೆಂಬರ್ 3

ಕೆಲಸಕ್ಕೆ ಹೋಗುವ ಹಲ್ಲುಸೆಟ್ಟಿನ ಲ್ಯಾಬಿನಲ್ಲಿ ನಿಂತೇ ನಿದ್ದೆ ಹೊಡೆಯುತ್ತಿದ್ದೆ. ಮೇಣದಲ್ಲಿ ಜೋಡಿಸಿದ್ದ ಹಲ್ಲಿನ ಸಾಲು ಕೈಜಾರಿ ಬಿತ್ತು, ಮುಂದಿನ ಎರಡು ಹಲ್ಲು ಎಲ್ಲಿ ಉರುಳಿದವೋ ಸಿಗಲೇ ಇಲ್ಲ. ಯಾರದೋ ನಗು ನನ್ನಿಂದಾಗಿ ಒಂದು ವಾರ ತಡ. ಆಸ್ಪತ್ರೆಗೆ ಬಂದು ಇವರ ಪಕ್ಕದ ಕುರ್ಚಿಯಲ್ಲಿ ಕೂತದ್ದಷ್ಟೇ ನೆನಪು. ಎದ್ದಾಗ ನನ್ನ ಹೆಗಲ ಮೇಲೆ ಇವರ ಹೊದಿಕೆಯ ತುದಿ. ಸಿಸ್ಟರ್ ಹೊದಿಸಿರಬೇಕು. ಹಲಗೆಯ ಮೇಲೆ ದಾಳ ಹನ್ನೆರಡನ್ನು ತೋರಿಸುತ್ತಿತ್ತು. ಸುಮ್ಮನೆ ಪುಸ್ತಕ ತೆಗೆದು ನೋಡಿದೆ: ‘ಮೊದಲ ಜಾವ ನೀನು ಮಲಗು, ನಾನು ಎಚ್ಚರವಿರುತ್ತೇನೆ.’

ಅಂಚೆ ಕಚೇರಿಯ ಆ ಹೆಂಗಸು ಚೆನ್ನಾಗಿ ಬರೆದಿದ್ದಾಳೆ. ನನಗೂ ಹೀಗೆ ಹೇಳುವವರು ಒಬ್ಬರಿರಬಾರದಿತ್ತೇ ಎನಿಸಿತು.

ಸೆಪ್ಟೆಂಬರ್ 12

ಬರೆಯಬಾರದು ಅಂದುಕೊಂಡಿದ್ದೆ. ಬರೆಯದಿದ್ದರೆ ಇನ್ನೆಲ್ಲಿ ಇಡಲಿ ಇದನ್ನು?

ಬೆಳಿಗ್ಗೆ ಲ್ಯಾಬಿನ ಯಜಮಾನರು ಎಲ್ಲರೆದುರು ಛೀಮಾರಿ ಹಾಕಿದರು. ಆಸ್ಪತ್ರೆಗೆ ಬಂದರೆ ಇವರು ಊಟದ ಚಮಚ ಕಚ್ಚಿ ಹಿಡಿದು ಬಿಡಲೊಲ್ಲರು. ಬಿಡಿಸಲು ಹೋದರೆ ತಟ್ಟೆ ನನ್ನ ಮೈಮೇಲೆ. ಒರೆಸಿ ಬಟ್ಟೆ ಬದಲಿಸುವಷ್ಟರಲ್ಲಿ ಹಾಸಿಗೆ ಒದ್ದೆ. ಅದನ್ನು ಬದಲಿಸಿ ಬೆನ್ನು ನೆಟ್ಟಗೆ ಮಾಡುವಷ್ಟರಲ್ಲಿ, ‘ಹಾಗಲ್ಲ.’

ಒಂದು ಸಲವೂ ಇವರನ್ನು ಏಕವಚನದಲ್ಲಿ ಕರೆದವಳಲ್ಲ ನಾನು.

"ಆವತ್ತೇ ಸತ್ತುಹೋಗಿದ್ರೆ ಆಗ್ತಿತ್ತು ನೀನು," ಅಂದೆ. "ಇಬ್ಬರಿಗೂ ಬಿಡುಗಡೆ ಆಗ್ತಿತ್ತು."

ಕಿರುಚಲಿಲ್ಲ. ಸಲೀಸಾಗಿ, ಹಾಲಿನವನ ಲೆಕ್ಕ ಹೇಳುವಂತೆ ಹೇಳಿದೆ. ಇವರು ನನ್ನನ್ನೇ ನೋಡುತ್ತಿದ್ದರು. ಆಮೇಲೆ ಎಡಗೈ ದಾಳಕ್ಕೆ ಹೋಯಿತು. ತುಂಬ ಹೊತ್ತು ಹೊರಳಿಸಿದರು. ಇಟ್ಟರು. ಹತ್ತೊಂಬತ್ತು. ಅಭ್ಯಾಸಬಲ, ಪುಸ್ತಕ ತೆಗೆದು ಜೋರಾಗಿಯೇ ಓದಿದೆ: ‘ನಿಜ. ನಾನೂ ಅದನ್ನೇ ಯೋಚಿಸುತ್ತಿದ್ದೆ.’

ದಾಳವೂ ಎಂಥ ನಿರ್ದಯಿ ವಸ್ತು. ಎತ್ತಿ ಚೀಲಕ್ಕೆ ಎಸೆದು ಹೊರಟು ಬಂದೆ.

ಸೆಪ್ಟೆಂಬರ್ 13

ಹೋಗಲಿಲ್ಲ.

ಸೆಪ್ಟೆಂಬರ್ 22, ಭಾನುವಾರ

ಚೀಲವನ್ನೂ ಇಳಿಸದೆ ಬರೆಯಲು ಕೂತಿದ್ದೇನೆ.

ದರ್ಜಿ ಬಂದಿದ್ದ. ನಾನು ಹೊಸ ವರಸೆ ತೋರಿಸುವವಳಂತೆ, ನೋಡು ನಿನ್ನ ಆಟ ನಾನೂ ಕಲಿತಿದ್ದೇನೆ ಎಂದು ಪುಸ್ತಕ ತೆಗೆದೆ. ಇವರ ಕೈಗೆ ದಾಳ ಕೊಟ್ಟೆ. ಇವರು ದರ್ಜಿಯನ್ನು ನೋಡಿದರು, ದಾಳ ಹೊರಳಿಸಿದರು, ಇಟ್ಟರು. ಎರಡು: ‘ನಿನ್ನ ಅಂಗಿಯ ಹೊಲಿಗೆ ಬಿಚ್ಚಿದೆ, ನೋಡಿಕೋ.’ ದರ್ಜಿ ತೋಳು ಎತ್ತಿ ನೋಡಿಕೊಂಡ. ಕಂಕುಳ ಕೆಳಗೆ ನಿಜಕ್ಕೂ ಹರಿದಿತ್ತು. ದರ್ಜಿಯ ಅಂಗಿಯೇ ಹರಿದಿದೆಯಲ್ಲ ಎಂದು ನಾನು ನಕ್ಕೆ. ಅವನು ನಗಲಿಲ್ಲ.

"ಅತ್ತಿಗೆ, ಇವರು ದಾಳ ಎಸೆಯೋದು ಯಾವಾಗ?"

ಇದೇ ಎಸೆಯುವುದು, ಕೈಯಲ್ಲಿ ಬಲವಿಲ್ಲ ಎಂದೆ.

"ಇದು ಎಸೆಯೋದಲ್ಲ. ಹುಡುಕಿ ಇಡೋದು. ನೋಡಿ, ಬೇಕಾದ ಮುಖ ಮೇಲೆ ಬರೋ ತನಕ ತಿರುಗಿಸಿ ಇಡ್ತಿದ್ದಾರೆ. ನಮ್ಮಲ್ಲಿ ಯಾರಾದ್ರೂ ಹೀಗೆ ಮಾಡಿದ್ರೆ ಅಣ್ಣನೇ ಎದ್ದು ಬೈತಿದ್ರು."

ಆಟ ಗೊತ್ತಿರುವ ಯಾರೇ ಆಗಲಿ ಮೊದಲ ದಿನವೇ ಹಿಡಿಯುತ್ತಿದ್ದರು. ನಾನು ಆಟ ಗೊತ್ತಿಲ್ಲದವಳು. ದಾಳ ಹೇಳಿದ್ದನ್ನು ಓದಬೇಕು ಎಂದು ಪುಸ್ತಕದಲ್ಲಿದೆ, ಓದಿದೆ. ಹಿಮ್ಮಡಿಯ ಗುಳ್ಳೆಯನ್ನು ಮೂರು ಸಲ ಓದಿದೆ. ಭಾವನನ್ನು ಒಳಗೆ ಬಿಡಬೇಡ ಎಂಬುದನ್ನು ಓದಿ ನಕ್ಕೆ. ಹೊದಿಕೆ ಹೊದಿಸಿದ್ದು ಸಿಸ್ಟರ್ ಅಲ್ಲ.

ಹತ್ತೊಂಬತ್ತನ್ನೂ ಓದಿದೆ.

ಇವರಿಗೆ ಎಲ್ಲ ಅರ್ಥವಾಗುತ್ತಿದೆ. ನಾನು ಇಷ್ಟು ದಿನ ಬೇಡಿಕೊಂಡದ್ದು ಇದನ್ನೇ. ಈಗ ಸಿಕ್ಕಿದೆ, ನನಗೆ ಎಲ್ಲಿಗಾದರೂ ಓಡಿಹೋಗಬೇಕೆನಿಸುತ್ತಿದೆ.

ಸೆಪ್ಟೆಂಬರ್ 24

ಡಾಕ್ಟರಮ್ಮನಿಗೆ ಹೇಳಿದೆ. ಸಾಧ್ಯವಿದೆ ಎಂದರು. ಪ್ರಶ್ನೆ ಕೇಳಿದೊಡನೆ ಕೈ, ಬಾಯಿ ಹಟ ಹಿಡಿಯುವವರು ಇಂಥ ಅಡ್ಡದಾರಿಯಲ್ಲಿ ಹೊರಗೆ ಬರುತ್ತಾರಂತೆ, ಅದೂ ಬಹಳ ಹಳೆಯ ಪರಿಚಯದ ದಾರಿಯಾದರೆ. ಆದರೆ ಅವರೂ ಕಣ್ಣಾರೆ ನೋಡಬೇಕು. ಬಂದು ಪಕ್ಕದಲ್ಲಿ ಕೂತರು. ನಾನು ದಾಳ ಕೊಟ್ಟೆ. ಇವರು ಅದನ್ನು ಮುಟ್ಟಲಿಲ್ಲ. ಗೋಡೆಯತ್ತ ಮುಖ ತಿರುಗಿಸಿದರು.

ಸೆಪ್ಟೆಂಬರ್ 27

ಇವತ್ತೂ ಇಲ್ಲ. ನಾಲ್ಕು ದಿನದಿಂದ ಕೈಗೇ ತೆಗೆದುಕೊಂಡಿಲ್ಲ. ಡಾಕ್ಟರಮ್ಮ ನನ್ನನ್ನು ಕನಿಕರದಿಂದ ನೋಡತೊಡಗಿದ್ದಾರೆ. ಆಸೆಯಿಂದ ಏನೇನೋ ಕಾಣುವ ಹೆಂಡತಿಯರು ಅವರಿಗೆ ಹೊಸಬರಲ್ಲ. ನಾನು ಕಂಡದ್ದೂ ಭ್ರಮೆಯೇ ಏನೋ. ದರ್ಜಿಯದು ಹೊಲಿಗೆಗಾರನ ಕಣ್ಣು, ಆದರೂ ಅವನೂ ಆಸೆಯವನೇ ತಾನೇ?

ಭ್ರಮೆಯಾಗಿದ್ದರೆ ಹತ್ತೊಂಬತ್ತೂ ಭ್ರಮೆ. ಹಾಗಾಗಲಿ ಎಂದು ಒಂದು ಗಳಿಗೆ ಬೇಡಿಕೊಂಡೆ. ಮರುಗಳಿಗೆ ನಾಚಿಕೆಯಾಯಿತು. ಹತ್ತೊಂಬತ್ತು ಸುಳ್ಳಾದರೆ, ನೀನು ಮಲಗು ಎಂದ ಹನ್ನೆರಡೂ ಸುಳ್ಳಾಗಬೇಕಲ್ಲ.

ಸೆಪ್ಟೆಂಬರ್ 30

ಪರದೆ ಎಳೆದು ಇವರ ಪಕ್ಕ ಕೂತು ಹೇಳಿಬಿಟ್ಟೆ.

"ಆವತ್ತು ಅಂದೆನಲ್ಲ, ನಿಮಗೆ ಕೇಳಿಸ್ತು ಅಂತ ಈಗ ಗೊತ್ತಾಯ್ತು. ಅರ್ಥ ಆಗಲ್ಲ ಅಂದ್ಕೊಂಡು ಅಂದೆ. ಅರ್ಥ ಆಗುತ್ತೆ ಅಂತ ಗೊತ್ತಿದ್ರೂ ಆವತ್ತು ಅಂದೇಬಿಡ್ತಿದ್ದೆನೇನೋ, ಅಷ್ಟು ಸಾಕಾಗಿತ್ತು. ಸುಳ್ಳು ಹೇಳಲ್ಲ ನಿಮ್ಮ ಹತ್ರ. ಗುರುವಾರ ದೊಡ್ಡ ಡಾಕ್ಟರ ಮುಂದೆ ಒಂದೇ ಒಂದು ಸಲ ದಾಳ ಇಡಿ. ಆಮೇಲೆ ನನ್ನ ಮೇಲೆ ಎಷ್ಟು ಸಿಟ್ಟಾದ್ರೂ ಮಾಡ್ಕೊಳ್ಳಿ."

ಗೋಡೆ ನೋಡುತ್ತಿದ್ದರು. ‘ಹಾಗಲ್ಲ’ ಎಂದೂ ಅನ್ನಲಿಲ್ಲ. ಅದೊಂದು ಪದವೂ ಹೋಯಿತೇ ಎಂದು ಹೆದರಿದೆ.

ಅಕ್ಟೋಬರ್ 3, ಗುರುವಾರ

ದೊಡ್ಡ ಡಾಕ್ಟರು, ಡಾಕ್ಟರಮ್ಮ, ಭಾವ, ನಾನು. ಮಧ್ಯೆ ಗಾಲಿಕುರ್ಚಿಯಲ್ಲಿ ಇವರು. ಪೆನ್ನು, ಚಮಚ, ಬಾಚಣಿಗೆ. ಚಮಚ ತೋರಿಸಿ. ತೋರಿಸಲಿಲ್ಲ. ಕಣ್ಣು ಮುಚ್ಚಿ. ಮುಚ್ಚಲಿಲ್ಲ. ನಾನು ‘ದಾರಿಯಲ್ಲೊಂದು ಬಿಡಾರ’ವನ್ನು ಮೇಜಿನ ಮೇಲಿಟ್ಟು ದಾಳ ಮುಂದಿಟ್ಟೆ. ದೊಡ್ಡ ಡಾಕ್ಟರು ಸೌಜನ್ಯದಿಂದ ಕಾದರು. ಅವರ ಕಾಯುವಿಕೆ ನೋಡಿಯೇ ನನಗೆ ಗೊತ್ತಾಯಿತು, ಮುಗಿಯಿತು ಎಂದು. ಇವರ ಕೈ ತೊಡೆಯ ಮೇಲೆಯೇ ಇತ್ತು. ಡಾಕ್ಟರು ಪೆನ್ನಿನ ಮುಚ್ಚಳ ತೆಗೆದರು.

ಆಗ ಭಾವ ಕುರ್ಚಿಯಿಂದ ಎದ್ದರು. ನಾನು ಎಣಿಸಿರಲಿಲ್ಲ, ತಮ್ಮನ ಮುಂದೆ ಬಂದು ಬಗ್ಗಿದರು.

"ಆ ಕಟ್ಟಡ ನಾನೂ ನೋಡಿ ಬಂದೆ. ಅಲ್ಲಿಗೆ ಬೇಡ. ನನ್ನ ಮನೆಗೆ ಬಂದುಬಿಡೋ. ಮೂರು ಹೊತ್ತೂ ನಾನೇ ಕೈಯಾರೆ ಅಡುಗೆ ಮಾಡಿ ಹಾಕ್ತೀನಿ ನಿನಗೆ."

ಇವರು ತಲೆ ಎತ್ತಿದರು. ಎಡಗೈ ಮೇಜಿನ ಮೇಲೆ ಬಂತು, ದಾಳ ಹಿಡಿಯಿತು. ಹೊರಳಿಸಿದರು. ಬೆರಳು ಜಾರಿತು, ಮತ್ತೆ ಹಿಡಿದರು, ಹೊರಳಿಸಿದರು. ಇಟ್ಟರು. ಎಂಟು. ಪುಸ್ತಕವನ್ನು ಡಾಕ್ಟರಮ್ಮನತ್ತ ತಳ್ಳಿದೆ, ಅವರೇ ಓದಿದರು.

‘ಅಲ್ಲಿ ಉಂಡವರು ಮತ್ತೆ ಯಾರಿಗೂ ಕಂಡಿಲ್ಲ.’

ಮೊದಲು ನಕ್ಕವರು ದೊಡ್ಡ ಡಾಕ್ಟರು. ಭಾವ ನಗುತ್ತ ನಗುತ್ತ ಅಳತೊಡಗಿದರು, ತಮ್ಮನ ತಲೆ ಹಿಡಿದುಕೊಂಡು ನೆತ್ತಿಗೆ ಮೊಟಕಿದರು. ಆಮೇಲೆ ಡಾಕ್ಟರು ಕಿಟಕಿಯ ಪರದೆ ಸರಿಸಿ ಇವರ ಮುಖಕ್ಕೆ ನೇರ ಬಿಸಿಲು ಬೀಳುವಂತೆ ಮಾಡಿ, ಈಗೇನಂತೀರಿ ಎಂದು ಕೇಳಿದರು. ಹನ್ನೊಂದು: ‘ಬೆಂಕಿ ಹೆಚ್ಚಾಯಿತು, ಕಟ್ಟಿಗೆ ಹಿಂದಕ್ಕೆಳೆಯಿರಿ.’ ಡಾಕ್ಟರು ಪರದೆ ಎಳೆದು, ಕುರ್ಚಿ ಇವರ ಹತ್ತಿರಕ್ಕೆ ತಂದುಕೊಂಡು ಕೂತು, ಮೊದಲ ಸಲ ಇವರನ್ನೇ ಮಾತಾಡಿಸಿದರು. ಚಿಕಿತ್ಸೆ ಮುಂದುವರಿಯುತ್ತದೆ. ಡಾಕ್ಟರಮ್ಮ ಇನ್ನು ಮೇಲೆ ಚಮಚ, ಬಾಚಣಿಗೆ ಬಿಟ್ಟು ಪಟ್ಟಿಗಳಿಂದಲೇ ಶುರು ಮಾಡುತ್ತಾರಂತೆ. ಕಪಾಟಿನಲ್ಲಿ ಇಂಥವು ಇನ್ನೆಷ್ಟಿವೆ ಎಂದು ಕೇಳಿದರು. ನಾನು ಹೆಮ್ಮೆಯಿಂದ, ಹವಾಮಾನದ ಮೇಲೇ ಒಂದಿಡೀ ಪುಸ್ತಕವಿದೆ ಎಂದೆ.

ಅಕ್ಟೋಬರ್ 4

ಮಧ್ಯಾಹ್ನ ರಜೆ ಹಾಕಿ ಹೋದೆ. ನಿನ್ನೆಯ ಸಂತೋಷ ರಾತ್ರಿಯೊಳಗೇ ಇಳಿದಿತ್ತು. ಕೇಳದೆ ಇರಲು ನನ್ನಿಂದ ಆಗುತ್ತಿರಲಿಲ್ಲ. ವಾರ್ಡಿನಲ್ಲಿ ಎಲ್ಲರೂ ಊಟ ಮುಗಿಸಿ ಮಲಗಿದ್ದರು. ಆ ಪುಟ ತೆರೆದು ಹಲಗೆಯ ಮೇಲಿಟ್ಟೆ, ದಾಳ ಇಟ್ಟೆ.

"ಆವತ್ತು ಹತ್ತೊಂಬತ್ತು ಇಟ್ರಲ್ಲ. ಅದು ನಿಜಾನಾ?"

ಇವರು ನನ್ನ ಮುಖ ನೋಡಿದರು. ಮೆಲ್ಲಗೆ ದಾಳ ತೆಗೆದುಕೊಂಡು ಹೊರಳಿಸಿದರು. ಇಲ್ಲ ಎನ್ನುವ ಸಾಲು ಯಾವುದಾದರೂ ಇರಲಿ ಎಂದು ನಾನು ಪಟ್ಟಿಯ ಮೇಲೆ ಕಣ್ಣಾಡಿಸುತ್ತಿದ್ದೆ. ಇಟ್ಟರು. ಹತ್ತೊಂಬತ್ತು.

ಸಮಾಧಾನಕ್ಕೂ ಸುಳ್ಳು ಹೇಳುವ ಮನುಷ್ಯನಲ್ಲ, ಗೊತ್ತಿತ್ತು. ಇಬ್ಬರೂ ಅತ್ತೆವು. ಒಟ್ಟಿಗೆ ಅತ್ತದ್ದು ಇದೇ ಮೊದಲು. ಇಷ್ಟು ದಿನ ನಾನು ಹೊರಗೆ ಹೋಗಿ ಅಳುತ್ತಿದ್ದೆ, ಇವರು ಯಾವಾಗ ಅಳುತ್ತಿದ್ದರೋ ನನಗೆ ಗೊತ್ತಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ಇವರು ಪುಸ್ತಕಕ್ಕೆ ಕೈ ಹಾಕಿದರು. ಹೆಬ್ಬೆರಳಿನಿಂದ ಹಾಳೆ ಎತ್ತಲು ಹೆಣಗಾಡಿದರು. ನಾನು ಸಹಾಯಕ್ಕೆ ಹೋದರೆ ‘ಹಾಗಲ್ಲ’ ಅಂದರು, ಆ ಪದ ಮತ್ತೆ ಬಂತು ಬಾಯಿಗೆ. ತಾವೇ ಮಗುಚಿದರು. ಹೊಸ ಪುಟ, ಹೊಸ ಪಟ್ಟಿ: ‘ಬೆಳಿಗ್ಗೆ ಬಿಡಾರ ಕಿತ್ತು ಹೊರಟಾಗ’. ದಾಳ ಹಿಡಿದರು. ಹೊರಳಿಸಲಿಲ್ಲ, ನೋಡಲೂ ಇಲ್ಲ. ಮುಷ್ಟಿಯಲ್ಲಿ ಕುಲುಕಿ ಎಸೆದರು. ಆ ಸೊರಗಿದ ಕೈಯಲ್ಲಿ ಅಷ್ಟು ಬಲ ಎಲ್ಲಿತ್ತೋ, ಅದು ಹಲಗೆಗೆ ಬಡಿದು, ಪುಟಿದು, ನೆಲಕ್ಕೆ ಬಿದ್ದು ಮಂಚದ ಕೆಳಗೆ ಹೋಯಿತು.

ನಾನು ಮೊಣಕಾಲೂರಿ, ಮಂಚದ ಕೆಳಗೆ ತೂರಿ, ಗೋಡೆಯ ಮೂಲೆಯವರೆಗೂ ತೆವಳಿದೆ. ಎಷ್ಟು ಬಿದ್ದಿದೆ ಎಂದು ಇವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಮುಟ್ಟುವ ಮೊದಲು ಬಗ್ಗಿ ನೋಡಿದೆ. ಮೂರು.

"ಮೂರು," ಎಂದು ಕೆಳಗಿನಿಂದಲೇ ಕೂಗಿದೆ.

ಎದ್ದು ಬಂದು, ಕೂದಲಿಗಂಟಿದ ಕಸ ಕೂಡ ತೆಗೆಯದೆ ಸಾಲು ಹುಡುಕಿ ಓದಿದೆ: ‘ಮುಂದಿನ ಸೇತುವೆ ಕೊಚ್ಚಿಹೋಗಿದೆ. ಸುತ್ತುಬಳಸಿ ಹೋಗಬೇಕು, ಇಲ್ಲವೇ ಹೊಳೆಗಿಳಿಯಬೇಕು.’ ಇವರು ನನ್ನನ್ನೇ ನೋಡುತ್ತ ಕಾದರು. ಶನಿವಾರಗಳಲ್ಲಿ ಆ ನಾಲ್ವರನ್ನು ಹೀಗೇ ನೋಡುತ್ತಿದ್ದಿರಬೇಕು.

"ಹೊಳೆ ಎಷ್ಟು ಆಳ ಇದೆ?" ಅಂದೆ. "ನಮ್ಮ ಹತ್ರ ಹಗ್ಗ ಇದೆಯೇನ್ರೀ?"

ಇವರು ದಾಳಕ್ಕಾಗಿ ಕೈ ಚಾಚಿದರು.